ಹೋಟಗಿ ರಸ್ತೆಯ ಗ್ಯಾರೇಜಿನ ಮಿಸ್ತ್ರಿ

ಸೊಲ್ಲಾಪುರದ ಹೋಟಗಿ ರಸ್ತೆಯ ಗ್ಯಾರೇಜೊಂದರಲ್ಲಿ ಒಬ್ಬ ಮಿಸ್ತ್ರಿ ಇದ್ದರು. ಪುಣೆಯಿಂದ ನಾನು ಕೊಂಡು ತಂದ ಹಳೆಯ ಸ್ಪೋರ್ಟ್ಸ್ ಕಾರನ್ನು ಮುಟ್ಟುವ ಧೈರ್ಯ ಮಾಡಿದ್ದು ಅವರೊಬ್ಬರೇ. ನಾನು ದೂರು ಹೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆದು, "ಗಾಡಿ ಏನಂತದ, ಮೊದಲ ಅದನ್ನ ಕೇಳೂಣ್ರಿ" ಎನ್ನುತ್ತಿದ್ದರು. ಆಮೇಲೆ ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಮೊದಲ ವರ್ಷವೇ ಕ್ಲಚ್ಚಿಗೆ ಎಪ್ಪತ್ತು ಸಾವಿರ, ರೇಡಿಯೇಟರಿಗೆ ಮೂವತ್ತು ಸಾವಿರ ಹೋಯಿತು. ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಪ್ರತಿ ಸಲವೂ ಒರೆಸಿ ನನ್ನ ಕೈಗಿಟ್ಟು, ಎಲ್ಲಿ ಸವೆದಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಆಮೇಲೆ ಬ್ರೇಕಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಕೆಟ್ಟಿತು. ಇನ್ನೂ ಇಪ್ಪತ್ತೆಂಟು ಸಾವಿರ ಬೇಕು ಎಂದು ಮಿಸ್ತ್ರಿ ಹೇಳಿದಾಗ ನನಗೆ ಸಾಕಾಯಿತು. ಅಕ್ಕಲಕೋಟದ ಒಬ್ಬರು ಕಾರು ಕೊಳ್ಳಲು ಮುಂದೆ ಬಂದಿದ್ದರು. "ಅವರಿಗೆ ಹೇಳಬ್ಯಾಡ್ರಿ. ಬ್ರೇಕ್ ಆಯಿಲ್ ಅಷ್ಟ ತುಂಬಿಸಿ ಕೊಡ್ರಿ" ಎಂದೆ. ಮಿಸ್ತ್ರಿ ಕೈ ಒರೆಸಿಕೊಂಡು ಬಾನೆಟ್ ಮುಚ್ಚಿದರು.

ಮರುದಿನ ಕೊಳ್ಳುವವರು ಹೆಂಡತಿಯೊಂದಿಗೆ ಗ್ಯಾರೇಜಿಗೆ ಬಂದರು. ಮಿಸ್ತ್ರಿ ಅವರನ್ನು ಸ್ಟೇರಿಂಗ್ ಮುಂದೆ ಕೂರಿಸಿದರು.

"ಬ್ರೇಕ್ ಒತ್ತಿ ಹಿಡೀರಿ, ಸರ. ಬಿಡಬ್ಯಾಡ್ರಿ."

ಪೆಡಲ್ ಮೆಲ್ಲಗೆ ಇಳಿಯುತ್ತ ಹೋಗಿ ತಳ ಮುಟ್ಟಿತು. ಅವರು ಒಮ್ಮೆ ನನ್ನ ಮುಖ ನೋಡಿದರು, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದರು.

ನಾಚಿಕೆಗೋ ಸಿಟ್ಟಿಗೋ, ನನ್ನ ಕಿವಿ ಬಿಸಿಯಾಗಿತ್ತು. ಕೀಲಿಗೆ ಕೈ ಚಾಚಿದೆ. ಮಿಸ್ತ್ರಿ ಅದನ್ನು ತಮ್ಮ ಕಿಸೆಗೆ ಹಾಕಿಕೊಂಡರು.

"ನೀವೂ ಇದನ್ನ ಓಡಿಸಬ್ಯಾಡ್ರಿ" ಎಂದು, ಕೈ ತೊಳೆದುಕೊಂಡು ಸ್ಕೂಟರ್ ತೆಗೆದು, ಕಂದಲಗಾಂವದ ನನ್ನ ಮನೆ ಬಾಗಿಲತನಕ ನನ್ನನ್ನು ಕರೆತಂದು ಬಿಟ್ಟು ಹೋದರು.