ಬಾನೆಟ್ಟಿನ ಮೇಲಿನ ವಿಭೂತಿ

ಗುಬ್ಬಿಯ ನಮ್ಮ ಬೀದಿಗೆ ಕಾರು ಬಂದರೆ, ಯಾರ ಮನೆಗೋ ಗಂಡಿನ ಕಡೆಯವರು ಬಂದರೆಂದು ಮಕ್ಕಳೆಲ್ಲ ಆಟ ಬಿಟ್ಟು ಓಡುತ್ತಿದ್ದ ದಿನಗಳವು. ಅಂಥ ಬೀದಿಯಲ್ಲಿ ನಮ್ಮಪ್ಪ ಕಾರು ಕೊಳ್ಳಲು ಹೊರಟಿದ್ದು ಶೋಕಿಗಲ್ಲ. ಅಮ್ಮನ ಕಿಡ್ನಿ ಕೆಟ್ಟಿತ್ತು. ವಾರಕ್ಕೆರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಹೋಗಿ, ಬರುವಾಗ ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುತ್ತಿದ್ದಳು. ಬಂದವಳು ಜಗಲಿಯ ಮೇಲೇ ಮಲಗಿಬಿಡುತ್ತಿದ್ದಳು. ನಾನು ಕುಂಟೇಬಿಲ್ಲೆ ಆಡುತ್ತಲೇ ಅವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಅಪ್ಪನದು ಜವಳಿ ಅಂಗಡಿ. ಚೌಕಾಸಿಯಲ್ಲಿ ಎತ್ತಿದ ಕೈ. ಬೇಸಿಗೆ ರಜೆಯ ಒಂದು ಬೆಳಗ್ಗೆ ಅಪ್ಪ, ಅಮ್ಮ, ಅಜ್ಜಿ, ನಾನು ತುಮಕೂರಿನ ಬಸ್ಸು ಹತ್ತಿದೆವು. ಡೀಸೆಲ್ ವಾಸನೆಯ ಜೊತೆಗೆ ಅಜ್ಜಿಯ ಚೀಲದಿಂದ ಚಿತ್ರಾನ್ನದ ಘಮ. ಅಪ್ಪ ದಾರಿಯುದ್ದಕ್ಕೂ ಪಾಠ ಹೇಳಿದ.

"ಗಿರಾಕಿ ಎದ್ದು ನಿಂತ್ರೇನೇ ವ್ಯಾಪಾರಿ ಇಳಿಯೋದು. ನಾನೇ ಎಷ್ಟು ಸಲ ಇಳ್ದಿಲ್ಲ? ಯಾರೂ ಕಾರು ಚೆನ್ನಾಗೈತೆ ಅನ್ಬೇಡಿ. ನಾನು ಎದ್ದು ಹೊರಟ್ರೆ ಎಲ್ರೂ ಹಿಂದೆ ಬಂದ್ಬುಡಿ."

"ನಂಗೇನ್ ಹೇಳ್ತೀಯಲಾ? ನಾನು ತೂಕಡಿಸ್ಕಂಡು ಕೂತಿರ್ತೀನಿ ಬುಡು," ಅಂದಳು ಅಜ್ಜಿ.

ಶಿರಾ ಗೇಟ್ ಹತ್ತಿರ ಹಳೆ ಕಾರು ಮಾರುವ ಡೀಲರ್ ಒಬ್ಬನಿದ್ದ. ಅಂಗಳದಲ್ಲಿ ಒಂದು ಬಿಳಿ ಕಾರು. ಬಾಗಿಲು ತೆಗೆದರೆ ಬಿಸಿಲಿಗೆ ಕಾದ ಸೀಟಿನ, ಸೆಂಟಿನ ವಾಸನೆ. ಅಜ್ಜಿ ಅಲ್ಲೇ ನೆರಳಿಗೆ ಕೂತಳು, ನಾವು ಗಾಜಿನ ಗೋಡೆಯ ಆಫೀಸಿನೊಳಗೆ ಹೋದೆವು.

ಅಪ್ಪ ಟೈರು ಸವೆದಿದೆ ಅಂದ, ಬಣ್ಣ ಮಾಸಿದೆ ಅಂದ. ಡೀಲರ್ ಬೆಲೆಯಲ್ಲಿ ಸ್ವಲ್ಪ ಇಳಿದ, ಆಮೇಲೆ ಅಲ್ಲಿಗೇ ನಿಂತ. ಅವನು ಹೇಳಿದ್ದಕ್ಕೂ ಅಪ್ಪನ ಜೇಬಿನಲ್ಲಿದ್ದದ್ದಕ್ಕೂ ನಡುವಿನ ಅಂತರ ಅಮ್ಮನ ಚಿನ್ನದ ಬಳೆಗಳಷ್ಟಿತ್ತು. ಕುಣಿಗಲ್ಲಿನ ತವರಿನವರು ಮದುವೆಯಲ್ಲಿ ಹಾಕಿದ ಬಳೆಗಳು. ಕೈ ಸೊರಗಿ ಅವು ಮೊಣಕೈವರೆಗೂ ಜಾರುತ್ತಿದ್ದವು. ಅವೊಂದು ಉಳಿಯಲಿ ಎಂಬುದೇ ಅಪ್ಪನ ಹಟ.

"ಆಗಲ್ಲ ಬಿಡಿ ಸಾರ್, ಬರ್ತೀವಿ," ಎಂದು ಅಪ್ಪ ಎದ್ದ. ನಾವೂ ಎದ್ದೆವು.

"ಅಯ್ಯೋ, ಕೂತ್ಕಳಿ ಸಾರ್, ಮಾತಾಡಣ," ಎನ್ನುತ್ತ ಡೀಲರ್ ಕುರ್ಚಿಯಿಂದ ಅರ್ಧ ಎದ್ದವನು ಗಾಜಿನಾಚೆ ನೋಡಿ ಮತ್ತೆ ಹಾಯಾಗಿ ಕೂತ.

"ಅಜ್ಜಿ ಆಗ್ಲೇ ಪೂಜೆ ಮುಗಿಸವ್ರಲ್ಲ ಸಾರ್. ಇನ್ನೆಲ್ಲಿಗೆ ಹೋಗ್ತೀರ?"

ಅಜ್ಜಿ ಚೀಲದಲ್ಲಿದ್ದ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಬಾನೆಟ್ಟಿನ ಮೇಲೆ ಅಡ್ಡಕ್ಕೆ ಮೂರು ಪಟ್ಟೆ ಎಳೆದು, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಅಪ್ಪ ಓಡಿದ.

"ಏನವ್ವಾ ಇದು! ಮರ್ಯಾದೆ ಹೋಯ್ತು. ಒರೆಸು ಮೊದ್ಲು."

"ಹಚ್ಚಿದ್ ವಿಭೂತಿ ಒರೆಸ್ತಾರೇನ್ಲಾ?" ಎಂದು ರೇಗಿದ ಅಜ್ಜಿಯ ದನಿ ಮರುಗಳಿಗೆಯೇ ಕುಗ್ಗಿತು. "ಹಿಂದಿನ್ ಸೀಟು ನೋಡ್ದೆ ಕಣೋ. ಇವ್ಳು ಕಾಲು ನೀಡ್ಕಂಡು ಮಲಗಿದ್ದಂಗೇ ಕಾಣ್ತು. ಬೆಲೆಗಿಲೆ ಏನೂ ಗ್ಯಾಪ್ಕ ಬರ್ಲಿಲ್ಲ."

ಅಪ್ಪ ಕರ್ಚೀಫು ತೆಗೆದ. ಬಾನೆಟ್ಟಿನವರೆಗೂ ಕೈ ಹೋಯಿತು. ಒರೆಸಲಾಗಲಿಲ್ಲ, ತನ್ನ ಮುಖ ಒರೆಸಿಕೊಂಡು ಜೇಬಿಗಿಟ್ಟ. ಅಮ್ಮ ಬಳೆ ತೆಗೆದಳು. ಎಳೆಯಬೇಕಾಗಿಯೂ ಇರಲಿಲ್ಲ, ಕೈ ಇಳಿಬಿಟ್ಟರೆ ಸಾಕಿತ್ತು.

ಕಾರು ಮನೆಗೆ ಬಂತು. ಅಮ್ಮ ನಿಜವಾಗಿಯೂ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಮಲಗಿ ಬಂದಳು. ಅಜ್ಜಿ ಮಾತ್ರ ಅದನ್ನು ಹತ್ತಲಿಲ್ಲ. ಮಠಕ್ಕೆ ಹೋಗುವುದಿದ್ದರೂ ಬಸ್ಸೇ. "ಅವ್ಳ ಕೈ ಬರಿದು ಮಾಡ್ದೋಳು ನಾನು. ಯಾವ ಮಕ ಇಟ್ಕಂಡು ಕೂರ್ಲಿ?" ಎನ್ನುತ್ತಿದ್ದಳು. "ಬನ್ನಿ ಅತ್ತೆ," ಎಂದು ಅಮ್ಮ ಕರೆದು ಕರೆದು ಸೋತಳು. ಕೊನೆಗೆ ಡಾಕ್ಟರು ಇನ್ನೇನೂ ಆಗದು, ಮನೆಗೆ ಕರೆದುಕೊಂಡು ಹೋಗಿ ಎಂದ ದಿನ, ತುಮಕೂರಿನಿಂದ ಗುಬ್ಬಿಯವರೆಗೆ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿ ಆ ಕಾರಿನಲ್ಲಿ ಕೂತಳು. ಅದೊಂದು ಸಲ ಮಾತ್ರ.

ಹೋದ ವರ್ಷ ನಾನೂ ತುಮಕೂರಿನಲ್ಲೇ ಹೊಸ ಕಾರು ಕೊಂಡೆ. ಅರಿಶಿನ, ಕುಂಕುಮ, ತೆಂಗಿನಕಾಯಿ, ಫೋಟೋಗೆ ಹಿಡಿಯಲು ರಟ್ಟಿನ ದೊಡ್ಡ ಬೀಗದಕೈ, ಎಲ್ಲ ಶೋರೂಮಿನವರೇ ಸಿದ್ಧ ಮಾಡಿಟ್ಟಿದ್ದರು. ಬೆಲೆ ಇಳಿಯಲಿಲ್ಲವೆಂದು ಅಪ್ಪನ ಪಾಠ ನೆನೆದು ಎದ್ದು ನಿಂತೆ. ಅವರು ಬಾಗಿಲವರೆಗೂ ಬಂದು ಕರೆದರು, ಇಳಿಸಿದರು. ಅಪ್ಪ ಸೋತ ಚೌಕಾಸಿಯನ್ನು ನಾನು ಗೆದ್ದಿದ್ದೆ. ಕಣ್ಣು ತಾನಾಗಿ ಗಾಜಿನಾಚೆ ಹೋಯಿತು. ಬಾನೆಟ್ಟು ಫಳಫಳ ಹೊಳೆಯುತ್ತಿತ್ತು, ಯಾರೂ ಏನೂ ಹಚ್ಚಿರಲಿಲ್ಲ. ನನಗೆ ಅಳು ಬಂತು.