ಎಡಗೈ ಏನು ಮಾಡುತ್ತಿತ್ತು

ಹೋದ ತಿಂಗಳು ಯಲಹಂಕದಲ್ಲಿ ಒಬ್ಬರ ಮನೆಗೆ ಮಂಡಿನೋವಿನ ವ್ಯಾಯಾಮ ಹೇಳಿಕೊಡಲು ಹೋಗಿದ್ದೆ. ಮುಗಿಸಿ ಕೈ ತೊಳೆದು ಕೂತಾಗ ಆ ಮನೆಯ ಸೊಸೆ ಟೀ ತಂದುಕೊಟ್ಟಳು. ಒಂದು ಗುಟುಕು ಕುಡಿದೆ, ಉಪ್ಪು. ಅವಸರದಲ್ಲಿ ಸಕ್ಕರೆ ಡಬ್ಬಿ ಬಿಟ್ಟು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದಳು ಪಾಪ. ಅತ್ತೆಗೆ ಗೊತ್ತಾಗುವ ಮೊದಲು ಲೋಟ ಖಾಲಿ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ಅವರೂ ಒಂದು ಗುಟುಕು ಕುಡಿದು ಮುಖ ಹಿಂಡಿದರು. “ಅಯ್ಯೋ ಮೇಡಂ, ಹೆಂಗ್ ಕುಡಿದ್ರಿ ಇದನ್ನ!” ಎಂದರು. ನನಗೆ ಅಭ್ಯಾಸವಿದೆ ಎಂದೆ. ಅವರು ತಮಾಷೆ ಎಂದುಕೊಂಡರು. ಹಾಲು, ಉಪ್ಪು, ಕುದ್ದ ಟೀಪುಡಿ ಸೇರಿದ ಆ ಹಬೆ ಮೂಗಿಗೆ ಬಡಿದಿದ್ದೇ ತಡ, ಕೆಂಪಾಪುರದ ಆ ಎರಡನೇ ಮಹಡಿಯ ಕೋಣೆ... ಎಷ್ಟೋ ವರ್ಷದಿಂದ ನಾನು ಆ ಬೀದಿಗೇ ಹೋಗಿಲ್ಲ.

ಆ ಕೋಣೆಯಲ್ಲಿದ್ದವರು ಮಂಗೋಲಿಯಾದವರು. ಅಲ್ಲಿ ಹಳೆಯ ನೃತ್ಯ ಕಲಿಸುವ ಟೀಚರ್ ಆಗಿದ್ದರಂತೆ. ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆದು, ತಂಗಿಯನ್ನು ಜೊತೆಗೆ ಕರೆದುಕೊಂಡು ಆಪರೇಷನ್‌ಗೆಂದು ಇಲ್ಲಿಗೆ ಬಂದಿದ್ದರು. ಆಪರೇಷನ್ ಆಯಿತು, ಕಾಲು ಮಾತ್ರ ಬರಲಿಲ್ಲ. ಊರಿಗೆ ಹೊರಡುವಷ್ಟು ಚೇತರಿಸಿಕೊಳ್ಳುವವರೆಗೆ ಆಸ್ಪತ್ರೆಗೆ ಹತ್ತಿರ ಇರಲಿ ಎಂದು ಕೆಂಪಾಪುರದಲ್ಲಿ ಕೋಣೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಹೋಗಿ ಅವರ ಕೈಕಾಲು ಆಡಿಸುವ ಕೆಲಸ ನನ್ನದು.

ಆಗಿನ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನಪ್ಪ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊತ್ತವನು. ನಲವತ್ತಕ್ಕೇ ಅವನ ಬಲಭುಜ ಬಿದ್ದುಹೋಗಿತ್ತು, ಅದನ್ನು ನೋಡಿಯೇ ನಾನು ಫಿಸಿಯೋಥೆರಪಿಗೆ ಸೇರಿದ್ದು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಅದಕ್ಕೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ. ರೋಗಿಯ ಫೈಲಿನಲ್ಲಿ ನಾನು ಎರಡು ಸಾಲು ಬರೆದರೆ ದೊಡ್ಡ ಡಾಕ್ಟರು ಅದನ್ನು ಓದಿ ಔಷಧಿ ಬದಲಿಸುತ್ತಾರೆ ಎನ್ನುವುದು ಹೆಬ್ಬೆಟ್ಟಿನ ಮನೆಯಿಂದ ಬಂದವಳಿಗೆ ಸಣ್ಣ ವಿಷಯವಲ್ಲ.

ತಂಗಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಟೀಚರಿಗೆ ಅದೂ ಇಲ್ಲ. ಅವರ ಭಾಷೆಯಲ್ಲಿ ಟೀಚರ್‌ಗೆ ಬಗ್ಶ್ ಎನ್ನುತ್ತಾರೆಂದು ತಂಗಿ ಹೇಳಿದಳು, ನಾನೂ ಹಾಗೇ ಕರೆದೆ. ನಾನು ಅವರ ಮೈಯ ಒಂದೊಂದು ಭಾಗ ಮುಟ್ಟಿದಾಗಲೂ ಅವರು ಅದರ ಹೆಸರು ಹೇಳುತ್ತಿದ್ದರು. ಕೈಗೆ ಗರ್. ಭುಜಕ್ಕೆ ಮೋರ್. ಬೆರಳಿಗೆ ಖುರು. ತಪ್ಪು ಹೇಳಿದರೆ ಹುಬ್ಬು ಗಂಟಿಕ್ಕಿ “ದಖ್ಯಾದ್” ಎನ್ನುವರು. ಇನ್ನೊಮ್ಮೆ ಹೇಳು ಅಂತ ಅರ್ಥ. ಮಲಗಿದಲ್ಲೇ ಮೇಷ್ಟರಿಕೆ! ಮೊದಲ ದಿನ ಉಪ್ಪಿನ ಟೀ ಕುಡಿದು ನಾನು ಮುಖ ಹಿಂಡಿದ್ದಕ್ಕೆ ಅಕ್ಕತಂಗಿಯರಿಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆ ಕೋಣೆಯಲ್ಲಿ ಅಷ್ಟು ನಗು ಕೇಳಿದ್ದು ನನಗೆ ಅದೊಂದೇ ಸಲ ನೆನಪಿದೆ.

ಕೆಳಗಿನ ಮನೆಯಲ್ಲಿ ಕಟ್ಟಡದ ಓನರ್ ಅಜ್ಜಿ ಇದ್ದರು. ಕೆಂಪಾಪುರ ಹಳ್ಳಿಯಾಗಿದ್ದಾಗಿನ ಹಳೇ ಮನೆತನ. ಈಗ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಏಳು ಹಸು ಕಟ್ಟಿದ್ದವಂತೆ. ಭಾಷೆ ಬರದಿದ್ದರೂ ಅಜ್ಜಿ ಮೇಲೆ ಬಂದು ಟೀಚರ್ ಪಕ್ಕ ಕೂತು ಒಂದೇ ಸಮನೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವರೂ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು.

ಒಂದು ದಿನ ನಾನು ಅರ್ಧ ಗಂಟೆ ಮೊದಲೇ ಹೋದೆ. ತಂಗಿ ಹಾಲು ತರಲು ಹೋಗಿದ್ದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅಜ್ಜಿ ಹೊಸ್ತಿಲಲ್ಲಿ ನಿಂತು ಒಳಗೆ ನೋಡುತ್ತಿದ್ದರು. ನಾನೂ ಇಣುಕಿದೆ. ಟೀಚರ್ ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು. ಎರಡೂ ಭುಜ ಸಣ್ಣಗೆ, ಬಿಡದೆ ಅದುರುತ್ತಿದ್ದವು. ಎದೆ ತಟ್ಟನೆ ಜಗ್ಗಿ ನಿಲ್ಲುತ್ತಿತ್ತು. ಕೈಬೆರಳುಗಳು ಮುಚ್ಚಿ ತೆರೆದುಕೊಳ್ಳುತ್ತಿದ್ದವು.

ಬೆನ್ನುಹುರಿಗೆ ಪೆಟ್ಟಾದವರಿಗೆ ಸ್ನಾಯು ತನ್ನಷ್ಟಕ್ಕೆ ಸೆಳೆದು ಅದುರುವುದು ಉಂಟು. ಸ್ಪಾಸಮ್ ಎನ್ನುತ್ತೇವೆ. ಕಾಲಲ್ಲಿದ್ದದ್ದು ಕೈಗೂ ಹತ್ತಿತು ಎಂದುಕೊಂಡೆ. ವಾಚು ನೋಡಿ ಎಷ್ಟು ಹೊತ್ತು ಇರುತ್ತದೆ ಎಂದು ಎಣಿಸತೊಡಗಿದೆ. ಹಾಗೆ ಮಾಡಬೇಕೆಂದೇ ನಮಗೆ ಕಲಿಸಿರುವುದು.

ಅಜ್ಜಿ ನನ್ನ ತೋಳು ಹಿಡಿದು ಪಿಸುಗುಟ್ಟಿದರು. “ನೋಡು ಡಾಕ್ಟ್ರಮ್ಮ, ಅವಮ್ಮ ಆಲು ಕರೀತಾ ಅವ್ಳೆ. ಎಡಗೈಲಿ ನೋಡು ಎಂಗೆ...”

“ಸುಮ್ನಿರಿ ಅಜ್ಜಿ, ಅದು ಕಾಯಿಲೆ. ನಿಮಗೆ ಗೊತ್ತಾಗಲ್ಲ,” ಎಂದೆ.

“ಊಂ ಕಣವ್ವ, ಓದ್ದೋರು ನೀವು,” ಎಂದು ಅಜ್ಜಿ ಮೆಟ್ಟಿಲು ಇಳಿದುಹೋದರು.

ನಾನು ಒಳಗೆ ಹೋದೆ. ಟೀಚರ್ ಕಣ್ಣು ತೆರೆದು, ಕಳ್ಳತನ ಮಾಡುವಾಗ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಾಚಿ ಕೈ ಕೆಳಗಿಟ್ಟರು. ಅದನ್ನು ನಾನು ಸುಸ್ತು ಎಂದುಕೊಂಡೆ. ಫೈಲಿನಲ್ಲಿ ಬರೆದೆ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ನನ್ನ ಮಾತು ನಂಬಿ ಸ್ಪಾಸಮ್ ತಗ್ಗಿಸುವ ಮಾತ್ರೆ ಶುರುಮಾಡಿದರು. ಆ ಮಾತ್ರೆಗೆ ಮಂಪರು ಜಾಸ್ತಿ, ಕೈ ಸೋಲುತ್ತದೆ. ಟೀಚರ್ ನಾನು ಕೊಟ್ಟಿದ್ದನ್ನು ನುಂಗಿದರು. ನಾನು ಹೋದಾಗಲೆಲ್ಲ ನಿದ್ದೆಯಲ್ಲಿರುತ್ತಿದ್ದರು. ‘ಭುಜದ ಸ್ಪಾಸಮ್ ನಿಂತಿದೆ’ ಎಂದು ಸಂತೋಷದಿಂದಲೇ ಬರೆದೆ.

ಒಂಬತ್ತನೇ ದಿನ ತಂಗಿ ಮೊಬೈಲ್ ಹಿಡಿದುಕೊಂಡು ಹಿಂಜರಿಯುತ್ತ ಬಂದಳು. ಮಾತ್ರೆ ಎರಡು ದಿನ ನಿಲ್ಲಿಸಬಹುದಾ ಎಂದು ಕೇಳಿದಳು. ಯಾಕೆ ಎಂದೆ. ಆಗ ಅವಳು ಎಲ್ಲ ಹೇಳಿದಳು... ಅವರ ಕಡೆಯ ಹಳೇ ನೃತ್ಯಕ್ಕೆ ಬಿಯೆಲ್ಗೇ ಎನ್ನುತ್ತಾರಂತೆ. ಮೈಗೆ ಅವರ ಮಾತಿನಲ್ಲಿ ಬಿಯೆ, ಅದರಿಂದ ಬಂದ ಹೆಸರು. ದುಂಡನೆಯ ಡೇರೆಯೊಳಗೆ ಒಲೆ, ಮಂಚ, ಜನ ಎಲ್ಲ ಇರುವಾಗ ಕುಣಿದಾಡಲು ಜಾಗವೆಲ್ಲಿ? ಅದಕ್ಕೇ ಕೂತಲ್ಲೇ ಭುಜ, ಎದೆ, ಮಣಿಕಟ್ಟು, ಬೆರಳಲ್ಲಿ ಆಡುವ ನೃತ್ಯ. ಉಣ್ಣೆ ಬಡಿಯುವುದು, ತಲೆ ಬಾಚುವುದು, ಹಾಲು ಕರೆಯುವುದು. ಎರಡು ತಂತಿಯ ವಾದ್ಯವೊಂದು ಜೊತೆಗಿದ್ದರೆ ಸಾಕು. ಕಾಲು ಹೋದರೂ ನನ್ನ ನೃತ್ಯ ಹೋಗಲಿಲ್ಲ ಎಂದು ಅಕ್ಕ ಆಪರೇಷನ್ ಆದ ಮೇಲೆ ಹೇಳಿದ್ದರಂತೆ.

ಅವರ ಮನೆತನದ ನೃತ್ಯದಲ್ಲಿ ಕೊನೆಯ ತುಂಡು ಹಾಲು ಕರೆಯುವುದು. ಶಿಷ್ಯರ ಕೈ ಹಣ್ಣಾಗುವವರೆಗೆ ಅದನ್ನು ಕಲಿಸಬಾರದೆಂದು ಅವರಮ್ಮ ಕಟ್ಟಳೆ ಮಾಡಿದ್ದರಂತೆ. ಊರಲ್ಲಿದ್ದ ಟೀಚರ್ ಮಗಳಿಗೆ ಉಳಿದದ್ದೆಲ್ಲ ಬರುತ್ತಿತ್ತು, ಅದೊಂದು ಬಾಕಿ. ಅದು ಗೊತ್ತಿದ್ದವರು ಟೀಚರ್ ಒಬ್ಬರೇ. ಮಗಳಿಗೆ ವಿಡಿಯೋ ಮಾಡಿ ಕಳಿಸಬೇಕು, ಆದರೆ ಕೈ ಪಳಗದೆ ಕಳಿಸಬಾರದು ಎಂದು ದಿನಾ ಬೆಳಿಗ್ಗೆ ನಾನು ಬರುವ ಮೊದಲು, ತಂಗಿಯನ್ನೂ ಹಾಲಿಗೆ ಕಳಿಸಿ, ಗುಟ್ಟಾಗಿ ಅಭ್ಯಾಸ ಮಾಡುತ್ತಿದ್ದರು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದು ತಂಗಿಯನ್ನು ಕೇಳಿದೆ.

“ನಿಮಗೆ ಗೊತ್ತಿರುತ್ತೆ ಅಂತ ಅಕ್ಕ ಅಂದ್ಲು. ನೀವು ಓದಿದೋರಲ್ವಾ,” ಎಂದಳು, ತನ್ನ ಮುರುಕು ಇಂಗ್ಲಿಷಿನಲ್ಲಿ.

ಮಾತ್ರೆ ನಿಲ್ಲಿಸಿದೆವು. ಮಂಪರು ಇಳಿಯಿತು. ಬಲಗೈ ಬಂತು, ಎಡಗೈ ಬರಲಿಲ್ಲ. ಗೆಡ್ಡೆ ಮತ್ತೆ ಹುಟ್ಟಿ ಕುತ್ತಿಗೆಯ ಕಡೆ ಬೆಳೆದಿತ್ತು. ಅದು ಹೇಗಿದ್ದರೂ ಆಗುತ್ತಿತ್ತು, ನಿನ್ನಿಂದ ಆದದ್ದಲ್ಲ ಎಂದರು ಡಾಕ್ಟರು. ಸುಳ್ಳಲ್ಲ. ಆದರೆ ಆ ಒಂಬತ್ತು ದಿನ ಕೈ ಇತ್ತು. ಆ ಒಂಬತ್ತು ದಿನವೂ ಅವರು ನಿದ್ದೆ ಮಾಡಿದ್ದರು.

ವಿಡಿಯೋ ಮಾಡುವ ದಿನ ನಾನು ಒಂದು ಉಪಾಯ ಹೇಳಿದೆ. ನಾನು ಹಿಂದೆ ಕೂತು ಅವರ ಎಡಗೈ ಹಿಡಿದು ಆಡಿಸುತ್ತೇನೆ, ದಿನಾ ಮಾಡುವ ಕೆಲಸವೇ ತಾನೇ. ಅವರು ಬಲಗೈಯಲ್ಲಿ ತೋರಿಸಿದರು, ಕಣ್ಣಲ್ಲಿ ತೋರಿಸಿದರು, ಏನೇನೋ ಹೇಳಿದರು. ನಾನು ಎತ್ತಿದೆ, ಇಳಿಸಿದೆ, ಬೆರಳು ಮಡಿಸಿದೆ. “ಬಿಶ್,” ಎಂದರು. ಇದಲ್ಲ. ಇನ್ನೊಂದು ರೀತಿ ಮಾಡಿದೆ. “ಬಿಶ್.” ಎಷ್ಟು ಸಲ ಹಾಗೆ... ಕೊನೆಗೆ ಅವರೇ ಬಲಗೈಯಿಂದ ನನ್ನ ಕೈ ಬಿಡಿಸಿ, ಎಡಗೈಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ನನ್ನ ಕೆನ್ನೆ ತಟ್ಟಿದರು. ತಂಗಿ ಮೊಬೈಲ್ ಹಿಡಿದಳು. ಒಂದೇ ಕೈಯಲ್ಲಿ ಹಾಲು ಕರೆದರು.

ಟೀಚರ್ ತಮ್ಮ ಊರಿಗೆ ಹೋದ ಮೂರು ತಿಂಗಳಿಗೆ ತೀರಿಕೊಂಡರೆಂದು ತಂಗಿ ತಿಳಿಸಿದಳು. ನಾನು ಎರಡು ಸಾಲು ಉತ್ತರ ಬರೆದು ಸುಮ್ಮನಾದೆ. ಕ್ಷಮೆ ಕೇಳಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾರಿಗೆ ಎಂದು ಗೊತ್ತಿಲ್ಲ.

ಯಲಹಂಕದಿಂದ ಬಂದ ದಿನ ಸಂಜೆ, ಇಷ್ಟು ವರ್ಷದ ಮೇಲೆ, ತಂಗಿಗೆ ಮೆಸೇಜು ಹಾಕಿದೆ. ಮಾರನೆಯ ದಿನ ಅವಳೊಂದು ವಿಡಿಯೋ ಕಳಿಸಿದಳು. ಟೀಚರ್ ಮಗಳು ಈಗ ತಾನೂ ಬಗ್ಶ್. ಅವಳ ಹಿಂದೆ ಹತ್ತು ಹನ್ನೆರಡು ಹುಡುಗಿಯರು ಸಾಲಾಗಿ ಕೂತಿದ್ದಾರೆ. ಭುಜಗಳು ಗಾಳಿಗೆ ಹುಲ್ಲು ಆಡಿದ ಹಾಗೆ ಅದುರುತ್ತವೆ, ಎರಡೂ ಕೈ ಹಕ್ಕಿಯ ಹಾಗೆ ಹಾರುತ್ತವೆ. ಕೊನೆಯ ತುಂಡು ಬಂದಾಗ ಅಷ್ಟೂ ಹುಡುಗಿಯರು ಒಟ್ಟಿಗೆ ಎಡಗೈಯನ್ನು ತೊಡೆಯ ಮೇಲಿಟ್ಟು, ಬಲಗೈ ಒಂದರಲ್ಲೇ ಹಾಲು ಕರೆಯುತ್ತಾರೆ. ಎಡಗೈಯದ್ದು ಅಮ್ಮ ಬಾಯಲ್ಲಿ ಹೇಳಿದರೂ ಕೂರಲಿಲ್ಲ, ಗೊತ್ತಿಲ್ಲದ್ದನ್ನು ನಾನು ಸೇರಿಸಲ್ಲ ಎಂದಳಂತೆ ಮಗಳು.

ವಿಡಿಯೋದ ಕೆಳಗೆ ತಂಗಿ ಬರೆದಿದ್ದಳು. ಅಕ್ಕ ಎರಡೂ ಕೈಯಲ್ಲಿ ಮಾಡಿದ್ದನ್ನು ನೀವು ಒಮ್ಮೆ ನೋಡಿದ್ದಿರಲ್ಲ, ಎಡಗೈ ಏನು ಮಾಡುತ್ತಿತ್ತು ಎಂದು ಮಗಳು ಕೇಳುತ್ತಿದ್ದಾಳೆ, ನೆನಪಿದೆಯಾ?

ಕೆಂಪಾಪುರದ ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತೆಂದು ಯಾರೋ ಹೇಳಿದ್ದರು. ಹಳೇ ಫೈಲಿನ ಪ್ರತಿ ನನ್ನ ಬೀರುವಿನಲ್ಲೇ ಇತ್ತು, ತೆಗೆದು ನೋಡಿದೆ. ನನ್ನದೇ ಅಕ್ಷರ, ದುಂಡಗೆ, ಒಂದೂ ಕಾಟು ಹೊಡೆಯದೆ. ಎರಡೂ ಭುಜ, ಎರಡೂ ಕೈ, ಸ್ಪಾಸಮ್, ನಲವತ್ತು ಸೆಕೆಂಡು. ಕಣ್ಣು ಮುಚ್ಚಿ ಕೂತೆ. ಬಾಗಿಲು ಕಾಣುತ್ತದೆ, ದಿಂಬು ಕಾಣುತ್ತದೆ, ವಾಚಿನ ಮುಳ್ಳು ಚೆನ್ನಾಗಿ ಕಾಣುತ್ತದೆ...

ಗೊತ್ತಿಲ್ಲ ಎಂದು ಬರೆದು ಕಳಿಸಿದೆ.