ಶ್ರಾದ್ಧದ ದಿನದ ರಂಗೋಲಿ

ನೋಡ್ರಮ್ಮ, ಇವತ್ತು ನಮ್ಮ ಯಜಮಾನರ ಶ್ರಾದ್ಧ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸಿಲ ಮುಂದೆ ಅಷ್ಟಗಲ ರಂಗೋಲಿ! ಹಾಕಿದ್ದು ನಮ್ಮ ಹಿಂದಿನ ಕೋಣೆಯಲ್ಲಿರುವ ಪರದೇಶದ ಗಂಡ ಹೆಂಡತಿ. ಅವರು ಊರು ಬಿಟ್ಟು ಎರಡು ವರ್ಷವಾಯಿತು. ಹಡಗು, ಬಸ್ಸು, ಲಾರಿ ಹತ್ತಿ ದೇಶ ಸುತ್ತುತ್ತಾ, ಹೋದಲ್ಲಿ ಬರೀ ಊಟಕ್ಕೆ ದುಡಿಯುತ್ತಾರೆ. ಈಗ ಜಯನಗರದ ಒಂದು ಅನಾಥಾಲಯದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ.

“ಅಮ್ಮ, ಇವತ್ತು ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ನಿಮ್ಮ ಸೊಸೆಗೆ ಜ್ವರ ಇರಬಹುದು ಅಂತ ನಾವು ಹಾಕಿದ್ವಿ,” ಎಂದಳು ಹುಡುಗಿ, ತಾನು ಕಲಿತಷ್ಟು ಕನ್ನಡದಲ್ಲಿ.

ಅಷ್ಟರಲ್ಲಿ ನನ್ನ ಮೈದುನ ಬಂದ. “ಏನತ್ತಿಗೆ ಇದು? ಶ್ರಾದ್ಧದ ಮನೇಲಿ ಯಾರಾದ್ರೂ ರಂಗೋಲಿ ಹಾಕ್ತಾರಾ? ಅಣ್ಣ ಬಾಗಿಲವರೆಗೂ ಬಂದು ಹಾಗೇ ವಾಪಸ್ ಹೋಗ್ತಾನೆ. ಮೊದಲು ಅಳಿಸಿ!”

ನಾನು ನೀರು ತಂದೆ. ಹುಡುಗಿ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ತಾನೇ ತೊಳೆದಳು. ಗಂಡ ಪೊರಕೆ ಹಿಡಿದ. ಇಬ್ಬರೂ ಅಳುತ್ತಿದ್ದರು. ಜೊತೆಯಲ್ಲಿ ಬಗ್ಗಿದ್ದ ಆ ಎರಡು ತಲೆ ಕಂಡು ನನಗೂ ದುಃಖ ತಡೆಯಲಾಗಲಿಲ್ಲ.

ಮೈದುನನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಅವನಣ್ಣ ಮೂವತ್ತು ವರ್ಷ ನನ್ನ ರಂಗೋಲಿ ತುಳಿದುಕೊಂಡೇ ಮನೆಯೊಳಗೆ ಬಂದವರು. ಇವತ್ತು ಮಾತ್ರ ನೋಡಿ ನಿಂತುಬಿಡುತ್ತಿದ್ದರೇ?